ಚಿಮಣಿ ನಾಲ್ಕು, ಧಣಿ ಇಬ್ಬರು

ಕಲಬುರಗಿಯ ಎರೆಭೂಮಿಯ ಮೇಲೆ ತೊಗರಿ, ಅಡಿಯಲ್ಲಿ ಸುಣ್ಣದ ಕಲ್ಲು. ತೊಗರಿ ಮಾರುವವರು ಲಕ್ಷಗಟ್ಟಲೆ ಜನ, ಸಿಮೆಂಟ್ ಮಾರುವವರು ಬೆರಳೆಣಿಕೆಯ ಮಂದಿ. ಈ ಎರಡರ ನಡುವೆ ನಿಂತ ಮನುಷ್ಯ ಮಾರುವಾಗಲೂ ಬೆಲೆ ಕೇಳಬೇಕು, ಕೊಳ್ಳುವಾಗಲೂ ಬೆಲೆ ಕೇಳಬೇಕು.

ವಾಡಿ ಜಂಕ್ಷನ್ ಬಿಟ್ಟು ಸಿಕಂದರಾಬಾದ್ ಕಡೆಗೆ ಹೊರಟ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತರೆ ಸೇಡಂ ದಾಟುವವರೆಗೂ ಕಣ್ಣು ತುಂಬುವುದು ಎರಡೇ ನೋಟ. ಹತ್ತಿರದಲ್ಲಿ ತೊಗರಿ ಹೊಲ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಂದು ನಿಲ್ದಾಣಗಳು ಸರಿದಂತೆ ಒಂದು ಚಿಮಣಿ ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ನೆಲ. ಕಾಗಿಣಾ ದಂಡೆಯ ಆ ಕೋಟೆಗೆ ಬಳಸಿದ್ದೂ ಈ ನೆಲದ ಕಲ್ಲನ್ನೇ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿಯೂ ಅದೇ ಕಲ್ಲಿನ ಬಳಗ. ಇಂದು ಆ ಕಲ್ಲು ಪುಡಿಯಾಗಿ, ಗೂಡಿನಲ್ಲಿ ಬೆಂದು, 50 ಕಿಲೊ ಚೀಲಗಳಲ್ಲಿ ತುಂಬಿ ನಾಡಿನಾದ್ಯಂತ ಹೋಗುತ್ತದೆ.

ಆ ಚಿಮಣಿಗಳ ಕತೆಯೇ ಈ ಲೇಖನದ ಕತೆ. 2016ರಲ್ಲಿ ಈ ಸಾಲಿನ ನಾಲ್ಕು ಕಾರ್ಖಾನೆಗಳಿಗೆ ನಾಲ್ವರು ಧಣಿಗಳಿದ್ದರು. ವಾಡಿಯ ಎಸಿಸಿ ಸ್ವಿಟ್ಜರ್ಲೆಂಡಿನ ಹೋಲ್ಸಿಂ ಬಳಗದ್ದು. ಮಳಖೇಡದ ರಾಜಶ್ರೀ ಸಿಮೆಂಟ್ ಆದಿತ್ಯ ಬಿರ್ಲಾ ಸಮೂಹದ ಅಲ್ಟ್ರಾಟೆಕ್‌ನದು. ಸೇಡಂನ ವಾಸವದತ್ತಾ ಸಿಮೆಂಟ್ ಬಿ.ಕೆ. ಬಿರ್ಲಾ ಕುಟುಂಬದ ಕೇಶೋರಾಂನದು. ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿದ್ದ ಓರಿಯಂಟ್ ಸಿಮೆಂಟ್ ಸಿ.ಕೆ. ಬಿರ್ಲಾ ಸಮೂಹದ್ದು. 2022ರಲ್ಲಿ ಹೋಲ್ಸಿಂ ಭಾರತದಿಂದ ಹೊರನಡೆದಾಗ ಅದರ ಅಂಬುಜಾ ಮತ್ತು ಎಸಿಸಿ ಎರಡೂ, ಸುಮಾರು 1,050 ಕೋಟಿ ಡಾಲರಿನ ವ್ಯವಹಾರದಲ್ಲಿ, ಅದಾನಿ ಸಮೂಹದ ಪಾಲಾದವು. 2025ರಲ್ಲಿ ಕೇಶೋರಾಂನ ಸಿಮೆಂಟ್ ವ್ಯವಹಾರ ಅಲ್ಟ್ರಾಟೆಕ್‌ಗೆ ಸೇರಿತು. ಅದೇ ವರ್ಷ ಓರಿಯಂಟ್ ಅದಾನಿ ಸಮೂಹದ ಅಂಬುಜಾಕ್ಕೆ ಸೇರಿತು. ಒಂದೂ ಚಿಮಣಿ ಕಡಿಮೆಯಾಗಲಿಲ್ಲ. ಧಣಿಗಳು ಮಾತ್ರ ನಾಲ್ವರಿದ್ದವರು ಇಬ್ಬರಾದರು.

ಸೇಡಂ ಬಳಿಯ ಕೊಡ್ಲಾದಲ್ಲಿ ಶ್ರೀ ಸಿಮೆಂಟ್ ಇದೆ, ಚಿಂಚೋಳಿ ಕಡೆ ಚೆಟ್ಟಿನಾಡ್ ಮತ್ತು ಫ್ರಾನ್ಸಿನ ವಿಕಾ ಕಂಪನಿಯ ಕಾರ್ಖಾನೆಗಳಿವೆ. ಸ್ಪರ್ಧೆ ಪೂರ್ತಿ ಸತ್ತಿಲ್ಲ. ಆದರೆ ದೇಶದ ಲೆಕ್ಕ ತೆಗೆದರೂ ಚಿತ್ರ ಹೆಚ್ಚು ಬೇರೆಯಲ್ಲ: ಅಲ್ಟ್ರಾಟೆಕ್ ಮತ್ತು ಅದಾನಿ ಸಮೂಹ, ಇವೆರಡರ ಕೈಯಲ್ಲೇ ಭಾರತದ ಸಿಮೆಂಟ್ ಉತ್ಪಾದನಾ ಸಾಮರ್ಥ್ಯದ ಶೇ 40ರ ಆಸುಪಾಸು ಇದೆ. ಪಿಯುಸಿ ಅರ್ಥಶಾಸ್ತ್ರದಲ್ಲಿ ಅಲ್ಪಸ್ವಾಮ್ಯ ಎಂದು ಓದಿ ಮರೆತ ಪಾಠ ಇದೇ. ಏಕಸ್ವಾಮ್ಯವಾದರೆ ಮಾರುವವನು ಒಬ್ಬನೇ, ಎಲ್ಲರ ಕಣ್ಣೂ ಅವನ ಮೇಲೆ. ಅಲ್ಪಸ್ವಾಮ್ಯದಲ್ಲಿ ಅಂಗಡಿಯ ತುಂಬ ಬಣ್ಣಬಣ್ಣದ ಚೀಲ ಇರುತ್ತವೆ. ಆಯ್ಕೆ ಇದೆ ಎಂದೇ ಅನಿಸುತ್ತದೆ.

ಮೇಲಿನ ಬೆಳೆ, ಕೆಳಗಿನ ಬೆಳೆ

ತೊಗರಿ ಬೆಳೆದ ರೈತ ಕಲಬುರಗಿಯ ಎಪಿಎಂಸಿಗೆ ಹೋಗಿ ಕೇಳುವ ಮೊದಲ ಮಾತು: ‘ಇವತ್ತ ರೇಟ್ ಏನದ?’ ಅವನಂಥವರು ಲಕ್ಷಾಂತರ ಇದ್ದಾರೆ. ಅವನೊಬ್ಬ ಮಾರದಿದ್ದರೆ ಪೇಟೆಗೆ ಏನೂ ಆಗದು. ಆದ್ದರಿಂದ ಪೇಟೆ ಹೇಳಿದ ರೇಟಿಗೆ ಅವನು ತಲೆಬಾಗಬೇಕು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಆದರೂ ರೇಟು ಹೇಳುವ ಅಧಿಕಾರ ಬೆಳೆಗಾರನಿಗೆ ಸಿಗಲಿಲ್ಲ.

ಅದೇ ರೈತ ತೊಗರಿಯ ಹಣದಲ್ಲಿ ಎರಡು ಕೋಣೆ ಕಟ್ಟಿಸಲು ಸಿಮೆಂಟ್ ಅಂಗಡಿಗೆ ಹೋಗುತ್ತಾನೆ. ಅಲ್ಲಿಯೂ ಅವನು ಕೇಳುವುದು ಅದೇ ಮಾತು: ‘ಇವತ್ತ ರೇಟ್ ಏನದ?’ ಅವನು ಜೀವನದಲ್ಲಿ ಒಮ್ಮೆಯೋ ಎರಡು ಸಲವೋ ಸಿಮೆಂಟ್ ಕೊಳ್ಳುವವನು. ತರಕಾರಿ ಕೊಂಡಂತೆ ದಿನಾ ಕೊಂಡು ಬೆಲೆಯ ನಾಡಿ ಹಿಡಿಯುವ ಅಭ್ಯಾಸ ಅವನಿಗಿಲ್ಲ. ಅಡಿಪಾಯ ಹಾಕಿ, ಗೋಡೆ ಎಬ್ಬಿಸಿ, ಸ್ಲ್ಯಾಬಿಗೆ ಸೆಂಟ್ರಿಂಗ್ ಕಟ್ಟಿದ ಮೇಲೆ ರೇಟು ಇಳಿಯಲಿ ಎಂದು ಕಾಯುವ ಹಾಗೂ ಇಲ್ಲ. ಕೂಲಿಯವರು ಬಂದು ನಿಂತಿರುತ್ತಾರೆ, ಮಿಕ್ಸರ್ ಬಾಡಿಗೆ ಓಡುತ್ತಿರುತ್ತದೆ. ಅಂಗಡಿಯವನಿಗೂ ಬೆಲೆಯ ಮೇಲೆ ಹಿಡಿತ ಇಲ್ಲ. ಕಂಪನಿಯಿಂದ ಬಂದ ರೇಟಿಗೆ ತನ್ನ ಚಿಕ್ಕ ಲಾಭ ಸೇರಿಸಿ ಹೇಳುತ್ತಾನೆ, ಅಷ್ಟೇ. ರೇಟು ನಿಶ್ಚಯವಾಗುವ ಕೋಣೆ ಮುಂಬೈಯಲ್ಲೋ ಅಹಮದಾಬಾದಿನಲ್ಲೋ ಇದೆ. ಕಲ್ಲು, ನೀರು, ದೂಳು ಮಾತ್ರ ಕಲಬುರಗಿಯದು.

ಹನ್ನೊಂದು ಲಕೋಟೆ, ಒಂದೇ ಬೆಲೆ

ಸಿಮೆಂಟಿನ ಈ ಗುಣ ಭಾರತಕ್ಕೆ ಸೀಮಿತವಲ್ಲ. 1936ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಟುಕುಮ್‌ಕಾರಿ ಎಂಬ ಊರಿಗೆ 6,000 ಬ್ಯಾರೆಲ್ ಸಿಮೆಂಟ್ ಬೇಕೆಂದು ಅಲ್ಲಿನ ಸರ್ಕಾರ ಟೆಂಡರ್ ಕರೆಯಿತು. 11 ಕಂಪನಿಗಳು ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ಕಳಿಸಿದವು. ತೆರೆದು ನೋಡಿದರೆ ಹನ್ನೊಂದರಲ್ಲೂ ಒಂದೇ ಅಂಕಿ: ಬ್ಯಾರೆಲಿಗೆ 3.286854 ಡಾಲರ್. ದಶಾಂಶದ ಆರನೆಯ ಸ್ಥಾನದವರೆಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಬೇರೆ ಬೇರೆ ಊರಿನ, ಬೇರೆ ಬೇರೆ ಖರ್ಚಿನ ಕಾರ್ಖಾನೆಗಳಿಗೆ ಇದು ಹೇಗೆ ಸಾಧ್ಯ? ಗೊತ್ತುಪಡಿಸಿದ ಕೆಲವು ಊರುಗಳ ಬೆಲೆಗೆ ಅಲ್ಲಿಂದ ರೈಲು ಬಾಡಿಗೆ ಕೂಡಿಸಿ ಎಲ್ಲರೂ ಒಂದೇ ಲೆಕ್ಕ ಹಾಕುತ್ತಿದ್ದರು. ಸರಕು ಪಕ್ಕದ ಊರಿನಿಂದ ಬಂದರೂ ದೂರದೂರಿನ ಬಾಡಿಗೆಯನ್ನೇ ಗಿರಾಕಿ ಕೊಡಬೇಕಿತ್ತು. ಈ ಪದ್ಧತಿ ಅಕ್ರಮ ಎಂಬ ಆದೇಶವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಎತ್ತಿಹಿಡಿಯಿತು. ಎಷ್ಟೋ ವರ್ಷಗಳ ನಂತರ, 2003ರಲ್ಲಿ, ಜರ್ಮನಿಯ ಸ್ಪರ್ಧಾ ಪ್ರಾಧಿಕಾರ ತನ್ನ ದೇಶದ ಸಿಮೆಂಟ್ ಕಂಪನಿಗಳಿಗೆ ಸುಮಾರು 66 ಕೋಟಿ ಯೂರೊ ದಂಡ ಹಾಕಿತು. ದೇಶ ಬೇರೆಯಾದರೂ ರೋಗ ಒಂದೇ.

ಬೆಲೆ ಹೊಂದಿಸಲು ಕೂಡಿ ಮಾತಾಡಲೇಬೇಕೆಂದೂ ಇಲ್ಲ. ಡೆನ್ಮಾರ್ಕಿನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. 1993ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಒಳ್ಳೆಯ ಮನಸ್ಸಿನಿಂದಲೇ ಒಂದು ಕೆಲಸ ಮಾಡಿತು. ರೆಡಿಮಿಕ್ಸ್ ಕಾಂಕ್ರೀಟ್ ಮಾರುವ ಕಂಪನಿಗಳು ನಿಜವಾಗಿ ಯಾವ ಬೆಲೆಗೆ ಮಾರುತ್ತಿವೆ ಎಂದು ಸಂಗ್ರಹಿಸಿ ಪ್ರಕಟಿಸಲು ಶುರು ಮಾಡಿತು. ಗಿರಾಕಿಗೆ ಬೆಲೆ ತಿಳಿದರೆ ಸ್ಪರ್ಧೆ ಹೆಚ್ಚುತ್ತದೆ ಎಂಬುದು ಲೆಕ್ಕಾಚಾರ. ಒಂದು ವರ್ಷದೊಳಗೆ ಬೆಲೆ ಶೇ 15ರಿಂದ 20ರಷ್ಟು ಏರಿತು. ಮೊದಲು ಯಾರು ಯಾರಿಗೆ ಗುಟ್ಟಾಗಿ ಎಷ್ಟು ರಿಯಾಯಿತಿ ಕೊಡುತ್ತಾರೆಂದು ತಿಳಿಯದೆ ಎಲ್ಲರೂ ಅಂಜಿ ಬೆಲೆ ಇಳಿಸುತ್ತಿದ್ದರು. ಈಗ ಎಲ್ಲರಿಗೂ ಎಲ್ಲರ ಬೆಲೆ ಕಾಣುತ್ತಿತ್ತು, ಆದ್ದರಿಂದ ಯಾರೂ ಇಳಿಸುವ ಗೋಜಿಗೆ ಹೋಗಲಿಲ್ಲ. ನೂರು ಜನ ಮಾರುವ ಸಂತೆಯಲ್ಲಿ ಬೆಲೆಯ ಫಲಕ ಗಿರಾಕಿಗೆ ಅನುಕೂಲ. ಮೂವರೇ ಮಾರುವ ಸಂತೆಯಲ್ಲಿ ಅದೇ ಫಲಕ ಮಾರುವವರ ನಡುವಿನ ಸನ್ನೆಯಾಗುತ್ತದೆ.

ಸಿಮೆಂಟೇ ಯಾಕೆ?

ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಅದನ್ನು 1,450 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವಿನಲ್ಲಿ ಸುಟ್ಟಾಗ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅಷ್ಟು ಕಲ್ಲನ್ನು ದೂರದಿಂದ ಹೊತ್ತು ತರುವುದು ಆಗದ ಮಾತು. ಹಾಗಾಗಿ ಕಲ್ಲು ಇರುವಲ್ಲೇ ಕಾರ್ಖಾನೆ. ಗಣಿ ಗುತ್ತಿಗೆ ಕೈಯಲ್ಲಿ ಇಲ್ಲದವನಿಗೆ ಈ ವ್ಯಾಪಾರದ ಬಾಗಿಲೇ ತೆರೆಯದು. ಗೂಡು ಕಟ್ಟಲು ಸಾವಿರಾರು ಕೋಟಿ ಬಂಡವಾಳ ಬೇಕು, ಅದು ಲಾಭ ಕೊಡುವ ಹೊತ್ತಿಗೆ ವರ್ಷಗಳು ಉರುಳುತ್ತವೆ.

ಇನ್ನು ಸರಕಿನ ತೂಕ. ಸಿಮೆಂಟ್ ಭಾರ ಹೆಚ್ಚು, ಭಾರಕ್ಕೆ ಹೋಲಿಸಿದರೆ ಬೆಲೆ ಕಡಿಮೆ. ಲಾರಿ, ರೈಲಿನ ಬಾಡಿಗೆ ಲಾಭವನ್ನು ಬೇಗ ತಿಂದುಬಿಡುತ್ತದೆ. ರಾಜಸ್ಥಾನದಲ್ಲಿ ಹತ್ತು ಕಂಪನಿಗಳಿದ್ದರೂ ಸೇಡಂನಲ್ಲಿ ಮನೆ ಕಟ್ಟುವವನಿಗೆ ಅವುಗಳಿಂದ ಉಪಯೋಗವಿಲ್ಲ. ಅವನ ಪಾಲಿನ ಮಾರುಕಟ್ಟೆ ಎಂದರೆ ಲಾರಿ ಲಾಭದಲ್ಲಿ ಓಡುವಷ್ಟು ದೂರದೊಳಗಿನ ಕಾರ್ಖಾನೆಗಳು ಮಾತ್ರ. ಆದ್ದರಿಂದಲೇ ದೇಶದ ಸರಾಸರಿಗಿಂತ ವಾಡಿ-ಸೇಡಂ ಸಾಲಿನ ಲೆಕ್ಕ ಮುಖ್ಯ. ಟೈಲ್ಸು, ಬಣ್ಣ ಇವಕ್ಕೆ ಪರ್ಯಾಯ ಹುಡುಕಬಹುದು. ಸಿಮೆಂಟಿಗೆ ಬದಲಾಗಿ ಇನ್ನೊಂದನ್ನು ಹಾಕಿ ಸ್ಲ್ಯಾಬ್ ಎರೆಯಲಾಗದು.

ಶಹಾಬಾದಿನಿಂದ ಶುರುವಾದ ಕತೆ

ಭಾರತದ ಸಿಮೆಂಟ್ ಉದ್ಯಮ ಒಗ್ಗೂಡುವಿಕೆಯ ರುಚಿಯನ್ನು ಬಹಳ ಹಿಂದೆಯೇ ಕಂಡಿದೆ. 1914ರಲ್ಲಿ ಪೋರಬಂದರಿನಲ್ಲಿ ಉತ್ಪಾದನೆ ಆರಂಭವಾಗಿ, ಮೊದಲ ಮಹಾಯುದ್ಧದ ನಂತರ ಹಲವು ಕಾರ್ಖಾನೆಗಳು ಎದ್ದವು. ಅವು ಪರಸ್ಪರ ಬೆಲೆ ಇಳಿಸಿ ಕಾದಾಡಿ ನಷ್ಟಕ್ಕೆ ಬಿದ್ದವು. ಹೊಡೆದಾಟ ಸಾಕೆನಿಸಿ ಮೊದಲು ಸಂಘ ಕಟ್ಟಿದರು. 1930ರಲ್ಲಿ ಒಟ್ಟಾಗಿ ಮಾರಲು ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಹುಟ್ಟಿತು. 1936ರಲ್ಲಿ ಎಫ್.ಇ. ದಿನ್‌ಶಾ ಅವರ ಕನಸಿನಂತೆ ಹತ್ತು ಕಂಪನಿಗಳು ಕೂಡಿ ಎಸಿಸಿ ಆಯಿತು. ಆ ವರ್ಷದ ಆರಂಭದಲ್ಲೇ ತೀರಿಹೋದ ದಿನ್‌ಶಾ ಅದನ್ನು ಕಣ್ಣಾರೆ ಕಾಣಲಿಲ್ಲ. ಹಾಗೆ ಕೂಡಿದವುಗಳಲ್ಲಿ ಅಂದಿನ ನಿಜಾಮ ಸಂಸ್ಥಾನದ, ಇಂದಿನ ಕಲಬುರಗಿ ಜಿಲ್ಲೆಯ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ಎಸಿಸಿಗೆ ಎದುರಾಗಿ ರಾಮಕೃಷ್ಣ ದಾಲ್ಮಿಯಾ ಇಳಿದಾಗ ಮತ್ತೆ ಬೆಲೆ ಸಮರ ನಡೆದು, ಕೊನೆಗೆ ಅದೂ ಒಪ್ಪಂದದಲ್ಲಿ ಮುಗಿಯಿತು.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಬೆಲೆಯೂ ಹಂಚಿಕೆಯೂ ಸರ್ಕಾರದ ಕೈಯಲ್ಲಿದ್ದವು. ಅದು ಸುಖದ ಕಾಲವಾಗಿತ್ತೆಂದು ಯಾರೂ ಹೇಳಲಾರರು. ಮನೆ ಕಟ್ಟುವವರು ಪರ್ಮಿಟ್ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು. ಕೊರತೆ ಇದ್ದಲ್ಲಿ ಕಾಳಸಂತೆ ಬೆಳೆಯಿತು. ಸಿಮೆಂಟ್ ಕೋಟಾ ಕೊಟ್ಟು ತಮ್ಮ ಟ್ರಸ್ಟಿಗೆ ದೇಣಿಗೆ ಪಡೆದ ಆರೋಪದಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ, ಬಾಂಬೆ ಹೈಕೋರ್ಟ್ ತೀರ್ಪಿನ ಬೆನ್ನಿಗೇ 1982ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ನಿಯಂತ್ರಣ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಕಾರ್ಖಾನೆಗಳು ಬಂದವು, ಕೊರತೆ ನೀಗಿತು, ಭಾರತ ಚೀನಾದ ನಂತರ ಜಗತ್ತಿನ ಎರಡನೆಯ ಅತಿ ದೊಡ್ಡ ಸಿಮೆಂಟ್ ಉತ್ಪಾದಕ ದೇಶವಾಯಿತು. ಈ ಸಾಧನೆಯನ್ನು ಕಡೆಗಣಿಸಬಾರದು. ಅದು ಸಾಧ್ಯವಾದದ್ದು ಹಲವರು ಪೈಪೋಟಿಗೆ ಇಳಿದದ್ದರಿಂದ ಎಂಬುದನ್ನೂ ಮರೆಯಬಾರದು.

ದಂಡ ಮತ್ತು ಹತ್ತು ರೂಪಾಯಿ

2010ರಲ್ಲಿ ಭಾರತೀಯ ಬಿಲ್ಡರ್‌ಗಳ ಸಂಘ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು: ಸಿಮೆಂಟ್ ಕಂಪನಿಗಳು ಒಟ್ಟಾಗಿ ಉತ್ಪಾದನೆಯನ್ನು ತಡೆಹಿಡಿದು ಬೆಲೆ ಏರಿಸುತ್ತಿವೆ ಎಂದು. ಆಯೋಗ 2012ರ ಜೂನ್‌ನಲ್ಲಿ ದೂರನ್ನು ಒಪ್ಪಿ 6,300 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಎಸಿಸಿ, ಅಂಬುಜಾ, ಅಲ್ಟ್ರಾಟೆಕ್, ಜೈಪ್ರಕಾಶ್, ಇಂಡಿಯಾ ಸಿಮೆಂಟ್ಸ್, ಸೆಂಚುರಿ, ಬಿನಾನಿ, ಮದ್ರಾಸ್ ಸಿಮೆಂಟ್ಸ್, ಜೆಕೆ, ಲಾಫಾರ್ಜ್ ಮತ್ತು ಉತ್ಪಾದಕರ ಸಂಘ, ಎಲ್ಲವೂ ಆ ಪಟ್ಟಿಯಲ್ಲಿದ್ದವು. ಸಂಘದ ಮೂಲಕ ಬೆಲೆಯ ಮಾಹಿತಿ ಹಂಚಿಕೆಯಾಗಿದೆ, ಉತ್ಪಾದನಾ ಸಾಮರ್ಥ್ಯ ಇದ್ದರೂ ಪೂರ್ತಿ ಬಳಕೆಯಾಗಿಲ್ಲ, ಕಂಪನಿಗಳ ರವಾನೆ ಮತ್ತು ಬೆಲೆ ಒಂದೇ ಲಯದಲ್ಲಿ ಏರಿಳಿದಿವೆ ಎಂದು ಆಯೋಗ ಹೇಳಿತು. ಕಂಪನಿಗಳು ಆರೋಪವನ್ನು ನಿರಾಕರಿಸಿದವು. ಕಲ್ಲಿದ್ದಲು, ಸಾಗಣೆ, ತೆರಿಗೆ ಎಲ್ಲರಿಗೂ ಒಟ್ಟಿಗೇ ಏರುವಾಗ ಬೆಲೆಯೂ ಒಟ್ಟಿಗೇ ಏರುವುದು ಸಹಜ ಎಂಬುದು ಅವುಗಳ ವಾದ. ಆ ವಾದದಲ್ಲಿ ಒಂದಿಷ್ಟು ನಿಜವೂ ಇದೆ. ಬರೀ ಒಂದೇ ಬೆಲೆ ಇದೆ ಎಂಬುದರಿಂದ ಪಿತೂರಿ ಸಾಬೀತಾಗದು.

ವಿಚಾರಣೆಯಲ್ಲಿ ಕೂರದ ಆಯೋಗದ ಅಧ್ಯಕ್ಷರೂ ಆದೇಶಕ್ಕೆ ಸಹಿ ಹಾಕಿದ್ದಾರೆಂಬ ಕಾರಣಕ್ಕೆ 2015ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದು ಮಾಡಿತು. ಆಯೋಗ ಮತ್ತೆ ವಿಚಾರಣೆ ನಡೆಸಿ 2016ರ ಆಗಸ್ಟ್‌ನಲ್ಲಿ ಸುಮಾರು 6,700 ಕೋಟಿ ದಂಡ ಹಾಕಿತು. 2018ರ ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ಅಂಗೀಕರಿಸಿ, ಸದ್ಯಕ್ಕೆ ದಂಡದ ಶೇ 10ರಷ್ಟು ಠೇವಣಿ ಇಡಲು ಹೇಳಿತು. ದೂರು ಕೊಟ್ಟು ಅಷ್ಟರಲ್ಲೇ ಎಂಟು ವರ್ಷ ಕಳೆದಿದ್ದವು.

ದಂಡದ ಮೊತ್ತ ಕೇಳಿದರೆ ಬೆರಗಾಗುತ್ತದೆ. ಒಂದು ಸಣ್ಣ ಲೆಕ್ಕ ಹಾಕೋಣ. ಭಾರತ ವರ್ಷಕ್ಕೆ 40 ಕೋಟಿ ಟನ್ನಿಗೂ ಹೆಚ್ಚು ಸಿಮೆಂಟ್ ತಯಾರಿಸುತ್ತದೆ. ಟನ್ನಿಗೆ 20 ಚೀಲದಂತೆ 800 ಕೋಟಿ ಚೀಲ. ಚೀಲಕ್ಕೆ 10 ರೂಪಾಯಿ ಏರಿದರೆ ಒಂದು ವರ್ಷಕ್ಕೆ 8,000 ಕೋಟಿ ರೂಪಾಯಿ. ದೇಶ ಕಂಡ ಅತಿ ದೊಡ್ಡ ದಂಡಗಳಲ್ಲಿ ಒಂದು, ಚೀಲಕ್ಕೆ ಹತ್ತು ರೂಪಾಯಿಯ ಒಂದು ವರ್ಷದ ಏರಿಕೆಗೂ ಸಮನಾಗದು. ಗಿರಾಕಿಯ ಕಡೆಯಿಂದ ನೋಡಿ. ಸಾವಿರ ಚದರಡಿ ಮನೆಗೆ ಸುಮಾರು 400 ಚೀಲ ಬೇಕೆಂಬುದು ಎಂಜಿನಿಯರುಗಳ ಬಾಯಿಲೆಕ್ಕ. ಹತ್ತು ರೂಪಾಯಿ ಏರಿದರೆ 4,000 ರೂಪಾಯಿ. ಆ ಹಣಕ್ಕಾಗಿ ಯಾರು ದೆಹಲಿಗೆ ಹೋಗಿ ವಕೀಲರನ್ನು ಹಿಡಿದಾರು? ಕಳೆದುಕೊಳ್ಳುವವರು ಕೋಟಿ ಜನ, ಪ್ರತಿಯೊಬ್ಬರದೂ ಸ್ವಲ್ಪ ಸ್ವಲ್ಪ. ಗಳಿಸುವವರು ಕೆಲವರು, ಪ್ರತಿಯೊಬ್ಬರದೂ ರಾಶಿ. ಅಲ್ಪಸ್ವಾಮ್ಯದ ಬಲವೆಲ್ಲ ಈ ಅಸಮತೆಯಲ್ಲಿದೆ.

ಒಂದೇ ಮನೆಯ ಅಣ್ಣತಮ್ಮಂದಿರು

ಆ 2012ರ ಪಟ್ಟಿಯನ್ನು ಇಂದು ಮತ್ತೊಮ್ಮೆ ಓದಿದರೆ ನಿಜವಾದ ಆತಂಕ ಶುರುವಾಗುತ್ತದೆ. ಜೈಪ್ರಕಾಶ್ ಸಮೂಹದ ಹಲವು ಕಾರ್ಖಾನೆಗಳು 2017ರಲ್ಲಿ ಅಲ್ಟ್ರಾಟೆಕ್‌ಗೆ ಹೋದವು. 2018ರಲ್ಲಿ ಬಿನಾನಿ, 2019ರಲ್ಲಿ ಸೆಂಚುರಿಯ ಸಿಮೆಂಟ್ ವಿಭಾಗ, 2024ರ ಡಿಸೆಂಬರ್‌ನಲ್ಲಿ ಇಂಡಿಯಾ ಸಿಮೆಂಟ್ಸ್ ಕೂಡ ಅದೇ ಮನೆ ಸೇರಿದವು. ಎಸಿಸಿ, ಅಂಬುಜಾ ಅದಾನಿ ಮನೆಗೆ ಬಂದವು. ಬೇರೆ ಬೇರೆ ಧಣಿಗಳು ಒಂದು ಕೋಣೆಯಲ್ಲಿ ಕೂತು ಬೆಲೆ ನಿಶ್ಚಯಿಸಿದರೆ ಅದು ಕಾನೂನಿನಲ್ಲಿ ಅಪರಾಧ. ಅದೇ ಕಾರ್ಖಾನೆಗಳನ್ನು ಒಬ್ಬನೇ ಕೊಂಡು, ತನ್ನ ಕೋಣೆಯಲ್ಲಿ ಕೂತು ಬೆಲೆ ನಿಶ್ಚಯಿಸಿದರೆ ಅದು ಆಡಳಿತ. ಗಿರಾಕಿಗೆ ಎರಡರ ಫಲವೂ ಒಂದೇ.

ವಿಲೀನಗಳೆಲ್ಲ ಕೆಡುಕು ಎಂದು ನಾನು ಹೇಳುತ್ತಿಲ್ಲ. ಸಾಲದಲ್ಲಿ ಮುಳುಗಿದ ಬಿನಾನಿಯಂಥ ಕಂಪನಿಯನ್ನು ಯಾರಾದರೂ ಎತ್ತಲೇಬೇಕಿತ್ತು. ದೊಡ್ಡ ಗೂಡು ಕಡಿಮೆ ಇಂಧನ ಉರಿಸುತ್ತದೆ. ಹೊರಹೋಗುವ ಶಾಖದಿಂದ ವಿದ್ಯುತ್ ಮಾಡುವ ಘಟಕ ದೊಡ್ಡವರಿಗೆ ಸುಲಭ. ಆದರೆ ಆ ಉಳಿತಾಯ ಚೀಲದ ಬೆಲೆಯಲ್ಲಿ ಇಳಿಯಬೇಕಾದರೆ ಪಕ್ಕದಲ್ಲಿ ಇನ್ನೊಬ್ಬ ಕಡಿಮೆಗೆ ಮಾರುತ್ತಾನೆಂಬ ಭಯ ಇರಬೇಕು. ಇದರ ಪರೀಕ್ಷೆ ಈಗ ನಮ್ಮ ಕಣ್ಣೆದುರೇ ಇದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 280 ರೂಪಾಯಿ ಇದ್ದ ಚೀಲದ ಮೇಲೆ 28 ರೂಪಾಯಿ ಉಳಿಯಬೇಕು. ಚೀಲದ ಬೆಲೆ ತೆರಿಗೆ ಇಳಿದ ದಿನ ಮಾತ್ರ ಇಳಿದು, ಆ ಉಳಿತಾಯ ತಿಂಗಳುಗಳಲ್ಲಿ ಮೆಲ್ಲಗೆ ಮೂಲಬೆಲೆಯೊಳಗೆ ಸೇರಿಹೋದರೆ ಕೇಳುವವರು ಯಾರು? ತೆರಿಗೆ ಇಳಿಕೆಯ ಲಾಭ ನುಂಗುವವರ ವಿರುದ್ಧ ಜಿಎಸ್‌ಟಿ ಕಾನೂನಿನಡಿ ಹೊಸ ದೂರು ಸ್ವೀಕರಿಸುವುದೇ 2025ರ ಏಪ್ರಿಲ್ 1ರಿಂದ ನಿಂತಿದೆ. ಗಿರಾಕಿಗೆ ಉಳಿದಿರುವ ಕಾವಲು ಸ್ಪರ್ಧೆಯೊಂದೇ.

ಏನು ಮಾಡಬಹುದು?

ದಾರಿಗಳು ಇಲ್ಲದಿಲ್ಲ. ಲಾಫಾರ್ಜ್ ಮತ್ತು ಹೋಲ್ಸಿಂ ಜಾಗತಿಕವಾಗಿ ಒಂದಾದಾಗ, ಪೂರ್ವ ಭಾರತದಲ್ಲಿ ಸ್ಪರ್ಧೆ ಕುಗ್ಗುತ್ತದೆಂದು ಕಂಡ ನಮ್ಮ ಸ್ಪರ್ಧಾ ಆಯೋಗವೇ 2015ರಲ್ಲಿ ಜೊಜೊಬೇರಾ ಮತ್ತು ಸೋನಾಡಿಹ್ ಘಟಕಗಳನ್ನು ಮಾರಬೇಕೆಂದು ಷರತ್ತು ಹಾಕಿತ್ತು. ಕೊನೆಗೆ ಲಾಫಾರ್ಜ್‌ನ ಭಾರತದ ವ್ಯವಹಾರವೇ ನಿರ್ಮಾ ಸಮೂಹಕ್ಕೆ ಹೋಗಿ ಮಾರುಕಟ್ಟೆಗೆ ಹೊಸಬರು ಬಂದರು. ಅಂದರೆ ದೇಶದ ನಕ್ಷೆ ಬದಿಗಿಟ್ಟು ಒಂದು ಪ್ರದೇಶದ ನಕ್ಷೆ ನೋಡಿ ತೀರ್ಮಾನಿಸುವುದು ಆಯೋಗಕ್ಕೆ ಗೊತ್ತಿದೆ. ಆ ನೋಟ ಕಲಬುರಗಿ ಪಟ್ಟಿಗೂ, ಮುಂದಿನ ಪ್ರತಿ ಖರೀದಿಗೂ ಅಷ್ಟೇ ಕಟ್ಟುನಿಟ್ಟಾಗಿ ಅನ್ವಯವಾಗಬೇಕು.

ಎರಡನೆಯದು ಗಣಿ. ಬಾಗಿಲ ಕೀಲಿ ಇರುವುದು ಸುಣ್ಣದ ಕಲ್ಲಿನ ಗುತ್ತಿಗೆಯಲ್ಲಿ. ಅದು ರಾಜ್ಯದ ಸಂಪತ್ತು, ಹರಾಜು ಹಾಕುವುದೂ ರಾಜ್ಯವೇ. ಹೆಚ್ಚು ಹಣ ಕೊಡುವವನು ಯಾರು ಎಂಬುದರ ಜೊತೆಗೆ, ಆ ಸುತ್ತಳತೆಯಲ್ಲಿ ಈಗಾಗಲೇ ಎಷ್ಟು ಕಲ್ಲು ಯಾರ ಕೈಯಲ್ಲಿದೆ ಎಂಬುದನ್ನೂ ಸರ್ಕಾರ ಕೇಳಬೇಕು. ಮೂರನೆಯದು ನೆರೆಯವರ ಪಾಠ. ಕೇರಳದ ವಾಳಯಾರಿನಲ್ಲಿ ಮಲಬಾರ್ ಸಿಮೆಂಟ್ಸ್ ಸರ್ಕಾರಿ ಒಡೆತನದಲ್ಲಿದೆ. ತಮಿಳುನಾಡು ತನ್ನದೇ ಸಿಮೆಂಟ್ ನಿಗಮವನ್ನು ಉಳಿಸಿಕೊಂಡಿದೆ, ಬಡವರ ಮನೆಗೆಂದು ಚೀಲಕ್ಕೆ 190 ರೂಪಾಯಿಯ ‘ಅಮ್ಮ ಸಿಮೆಂಟ್’ ಯೋಜನೆಯನ್ನೂ ನಡೆಸಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಜೊತೆಗೇ ಸಿಮೆಂಟನ್ನೂ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಿಸಿದ ನಾಡು ನಮ್ಮದು. ವಸತಿ ಯೋಜನೆಗಳ ಲಕ್ಷಾಂತರ ಮನೆಗಳಿಗೆ ಬೇಕಾದ ಸಿಮೆಂಟನ್ನು ರಾಜ್ಯ ಒಟ್ಟಾಗಿ ಕೊಂಡು ಚೌಕಾಸಿ ಮಾಡಿದರೆ, ಒಂಟಿ ಫಲಾನುಭವಿಗೆ ಇಲ್ಲದ ಬಲ ಅಲ್ಲಿ ಹುಟ್ಟುತ್ತದೆ.

ನಾಲ್ಕನೆಯದು ನಮ್ಮ ಕೈಯಲ್ಲಿರುವುದು. 2002ರ ಸ್ಪರ್ಧಾ ಕಾಯ್ದೆಯಡಿ ಯಾವ ವ್ಯಕ್ತಿಯೂ, ಗ್ರಾಹಕರೂ, ಸಂಘಗಳೂ ಆಯೋಗಕ್ಕೆ ಮಾಹಿತಿ ಕೊಡಬಹುದು. 2010ರ ದೂರು ಕೊಟ್ಟದ್ದು ಬಿಲ್ಡರ್‌ಗಳು, ಮನೆ ಕಟ್ಟಿದವರಲ್ಲ. ಪ್ರತಿ ಲೋಡಿಗೂ ಬಿಲ್ ಕೇಳಿ, ದಿನಾಂಕ ಸಮೇತ ತೆಗೆದಿಡಿ. ಒಬ್ಬನ ಬಿಲ್ಲಿಗೆ ಬೆಲೆಯಿಲ್ಲ. ಒಂದು ತಾಲ್ಲೂಕಿನ ನೂರು ಮನೆಗಳ ಬಿಲ್ಲು ಒಂದು ಗ್ರಾಹಕರ ಸಂಘದ ಕೈ ಸೇರಿದರೆ ಅದು ಸಾಕ್ಷ್ಯವಾಗುತ್ತದೆ.

ಒಬ್ಬ ಧಣಿ ಇನ್ನೊಬ್ಬನ ಚಿಮಣಿಯನ್ನು ಕೊಳ್ಳುವ ಸುದ್ದಿ ಷೇರುಪೇಟೆಯ ಪುಟದಲ್ಲಿ ಬರುತ್ತದೆ, ನಾವು ಆ ಪುಟ ಮಗುಚಿ ಮುಂದೆ ಹೋಗುತ್ತೇವೆ. ಅದು ನಮ್ಮ ಮನೆಯ ಸ್ಲ್ಯಾಬಿನ ಸುದ್ದಿ. ಪ್ರಶ್ನೆ ಕೇಳಬೇಕಾದದ್ದು ಆ ದಿನವೇ. ಕೊಂಡು ಮುಗಿದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಒಂದು ತಲೆಮಾರು ಮನೆ ಕಟ್ಟಿ ಮುಗಿಸಿರುತ್ತದೆ.